ಪಿಸ್ಟನ್ನಿಗೆ ವಿಭೂತಿ

ಇಂಜಿನ್ ಬಿಚ್ಚಿದರೆ ಒಳಗಿನ ಸಾಮಾನಿನ ಜೊತೆಗೆ ಮನೆಯವರೂ ಹೊರಗೆ ಬರುತ್ತಾರೆ. ನಾನು ನೋಡಿದ ಮಟ್ಟಿಗೆ ಪ್ರತಿ ಸಲವೂ ಹೀಗೇ ಆಗಿದೆ.

ಎಂಬತ್ತರ ದಶಕದ ನಡುವಿನ ಮಾತು. ಬಿಎಸ್ಸಿ ಮುಗಿದಿತ್ತು, ಕೆಲಸ ಸಿಕ್ಕಿರಲಿಲ್ಲ. ಬಸವೇಶ್ವರನಗರದಲ್ಲಿ ಗೆಳೆಯನೊಬ್ಬನ ಮನೆಯ ಹಿತ್ತಲಲ್ಲಿ ನನ್ನ ಹಗಲು ಕಳೆಯುತ್ತಿತ್ತು. ಅವನು ಮಣ್ಣಿನ ಟ್ರ್ಯಾಕಿನ ಮೋಟಾರ್‌ಸೈಕಲ್ ರೇಸಿಗೆ ಹೋಗುವವನು. ಹಳೆಯ ಟೂ ಸ್ಟ್ರೋಕ್ ಗಾಡಿಯೊಂದರ ದೀಪ, ಹಾರನ್ನು, ಹಿಂದಿನ ಸೀಟು ಕಿತ್ತು, ಗಂಟುಗಂಟಿನ ಟೈರು ಹಾಕಿ, ಅದನ್ನು ಡರ್ಟ್ ಬೈಕ್ ಎಂದು ಕರೆಯುತ್ತಿದ್ದ. ಪ್ರತಿ ರೇಸಿನಲ್ಲೂ ಅರ್ಧ ದಾರಿಗೆ ಇಂಜಿನ್ ಕಾದು, ಸಿಲಿಂಡರಿನೊಳಗೆ ಪಿಸ್ಟನ್ ಕಚ್ಚಿಕೊಂಡು ನಿಲ್ಲುತ್ತಿತ್ತು. ಕೊನೆಯ ಗೆರೆಯನ್ನು ಅವನು ನೋಡುತ್ತಿದ್ದುದು ಗಾಡಿ ತಳ್ಳಿಕೊಂಡು ಮನೆಗೆ ಹೊರಟಾಗ ಮಾತ್ರ.

ಅವನ ತಂದೆಗೆ ಬಾಪೂಜಿ ನಗರದಲ್ಲಿ ಹಿಟ್ಟಿನ ಮಿಲ್ಲು. ಅವರನ್ನು ಅವನು ಅಪ್ಪಾಜಿ ಎನ್ನುತ್ತಿದ್ದ, ತಾಯಿಯನ್ನು ಅವ್ವ ಎನ್ನುತ್ತಿದ್ದ. ನಾನೂ ಹಾಗೇ ಕರೆಯುತ್ತಿದ್ದೆ. ಅವರಿಬ್ಬರೂ ನನ್ನನ್ನು ಬಿಎಸ್ಸಿ ಎನ್ನುತ್ತಿದ್ದರು.

ಒಂದು ದಿನ ಊಟಕ್ಕೆ ಕೂತಾಗ ಅಪ್ಪಾಜಿ ಮಗನಿಗೆ ಹೇಳಿದರು: "ಈ ಭಾನುವಾರದ್ದೇ ಕೊನೆ ರೇಸು. ಗೆದ್ದು ಬಾ ಅನ್ನಲ್ಲ. ಆ ಗೆರೆ ಒಂದು ಸಲ ದಾಟಿ ತೋರಿಸು, ನಾನು ಮಿಲ್ಲಿನ ಮಾತೇ ಎತ್ತಲ್ಲ. ದಾಟದಿದ್ರೆ ಸೋಮವಾರ ಬೆಳಗ್ಗೆ ಬಂದು ಮಿಲ್ಲಿನ ಗಲ್ಲಾದಲ್ಲಿ ಕೂತ್ಕೋ."

ಆ ಮಿಲ್ಲಿನಲ್ಲಿ ಕೂತವನ ಮೀಸೆ ಮಧ್ಯಾಹ್ನದೊಳಗೆ ನರೆಯುತ್ತದೆ. ಗೆಳೆಯ ಅನ್ನ ಬಿಟ್ಟು ಎದ್ದ. ಸಂಜೆಯೇ ಹೊಸ ಪಿಸ್ಟನ್ ತಂದೆವು.

ಮೂರು ಪಟ್ಟೆ

ತಂದ ಪಿಸ್ಟನ್ನನ್ನು ಅವ್ವ ದೇವರ ಮನೆಯಲ್ಲಿಟ್ಟರು. ಬೆಳಗ್ಗೆ ನೋಡಿದರೆ ಅದರ ನೆತ್ತಿಯ ಮೇಲೆ ವಿಭೂತಿಯ ಮೂರು ಪಟ್ಟೆ. ಸುತ್ತಲೂ ರಿಂಗು ಕೂರುವ ಕಚ್ಚಿನಲ್ಲೂ ವಿಭೂತಿ ತುಂಬಿತ್ತು.

ಬೂದಿ ಒಳಗೆ ಹೋದರೆ ಹೊಸದು ಒಂದೇ ದಿನದಲ್ಲಿ ಹಳೆಯದಾಗುತ್ತದೆ ಎಂದು ಗೆಳೆಯನಿಗೆ ವಿವರಿಸಿದೆ.

"ಒರೆಸು ಗುರು," ಅಂದ.

"ನೀನು ಒರೆಸು."

"ನಮ್ಮವ್ವ ಹಚ್ಚಿರೋ ವಿಭೂತಿ ನಾನು ಒರೆಸ್ಲಾ? ರೇಸಿನ ಹಿಂದಿನ ದಿನ?"

ಕೊನೆಗೆ ನಾನು ಉಪಾಯ ಹೇಳಿದೆ. "ಅವ್ವ, ಇದಕ್ಕೆ ಅಭಿಷೇಕ ಆಗಬೇಕಲ್ವಾ?"

ಅವರು ಒಪ್ಪಿದರು. ನಾನು ಪೆಟ್ರೋಲಿನಲ್ಲಿ ತೊಳೆದೆ, ಬಟ್ಟೆಯಲ್ಲಿ ಒತ್ತಿದೆ, ನೆರಳಿನಲ್ಲಿ ಇಟ್ಟು ಕೈ ತೊಳೆಯಲು ಹೋದೆ. ಬರುವಷ್ಟರಲ್ಲಿ ಮತ್ತೆ ಮೂರು ಪಟ್ಟೆ.

"ಅಭಿಷೇಕ ಆದಮೇಲೆ ಹಚ್ಚದೆ ಹಾಗೇ ಬಿಡ್ತಾರೇನಪ್ಪ?" ಎಂದರು ಅವ್ವ.

ಎರಡನೆಯ ಸಲ ತೊಳೆದು ಅದನ್ನು ಕೈಯಲ್ಲೇ ಹಿಡಿದುಕೊಂಡೆ. ಇಂಜಿನ್ ಜೋಡಿಸಿದ ಮೇಲೆ ಹೊರಗಡೆ ಎಲ್ಲಿ ಬೇಕಾದರೂ ಹಚ್ಚಿ ಎಂದೆ.

"ಹೊರಗೆ ಹಚ್ಚಿದರೆ ಬಿಸಿಗೆ ಉದುರಲ್ವಾ?"

"ಉದುರುತ್ತೆ."

"ಉದುರಲಿ ಬಿಡು. ನಿಮ್ಮ ಇಂಜಿನ್ನೂ ಉದುರುತ್ತೆ, ನೀವು ಮತ್ತೆ ಕೂಡಿಸಲ್ವಾ? ನಾನೂ ಮತ್ತೆ ಹಚ್ತೀನಿ."

ಬಾಣ

ಪಿಸ್ಟನ್ನಿನ ನೆತ್ತಿಯ ಮೇಲೆ ಒಂದು ಬಾಣದ ಗುರುತು ಇರುತ್ತದೆ. ಅದು ಸೈಲೆನ್ಸರಿನ ಕೊಳವೆ ಹೊರಡುವ ಕಡೆಗೆ, ಅಂದರೆ ಗಾಡಿಯ ಮುಂದಕ್ಕೆ, ನೋಡಬೇಕು. ತಿರುವುಮುರುವಾದರೆ ರಿಂಗಿನ ತುದಿ ಸಿಲಿಂಡರಿನ ಗೋಡೆಯ ತೂತಿಗೆ ಸಿಕ್ಕಿ ಮುರಿಯುತ್ತದೆ. ಇದನ್ನು ಅಪ್ಪಾಜಿ ನನ್ನಿಂದ ಕೇಳಿ ತಿಳಿದುಕೊಂಡರು. ಆಮೇಲೆ ಗಾಡಿ ನೋಡಿದರು, ಸೂರ್ಯನನ್ನು ನೋಡಿದರು.

"ಅದು ದಕ್ಷಿಣ," ಎಂದರು.

"ಹೌದು."

"ಬಾಣ ಯಮನ ದಿಕ್ಕಿಗೆ ಇಡ್ತೀಯೇನಪ್ಪ, ಓದಿದೋನು?"

ಪಿಸ್ಟನ್ನಿಗೆ ದಿಕ್ಕು ತಿಳಿಯುವುದಿಲ್ಲ ಎಂದೆ. ಪಿಸ್ಟನ್ನಿಗೆ ತಿಳಿಯದಿದ್ದರೂ ಯಮನಿಗೆ ತಿಳಿಯುತ್ತದೆ ಎಂದರು. ವಾದ ಬೆಳೆಸುವುದಕ್ಕಿಂತ ಗಾಡಿ ತಿರುಗಿಸುವುದು ಸುಲಭ. ಸ್ಟ್ಯಾಂಡಿನಿಂದ ಇಳಿಸಿ, ಬಿಚ್ಚಿಟ್ಟ ಸಾಮಾನನ್ನೆಲ್ಲ ಆ ಕಡೆಗೆ ಸಾಗಿಸಿ, ಉತ್ತರಕ್ಕೆ ಮುಖ ಮಾಡಿ ನಿಲ್ಲಿಸಿದೆವು.

"ಅಪ್ಪಾಜಿ, ಟ್ರ್ಯಾಕು ದುಂಡಗಿದೆ," ಎಂದ ಗೆಳೆಯ. "ಪ್ರತಿ ಸುತ್ತಿನಲ್ಲೂ ಒಂದು ಸಲ ದಕ್ಷಿಣಕ್ಕೆ ತಿರುಗಲೇಬೇಕು."

ಅಪ್ಪಾಜಿ ಮತ್ತೊಮ್ಮೆ ಸೂರ್ಯನನ್ನು ನೋಡಿದರು.

"ಆಗ ಕಣ್ಣು ಮುಚ್ಕೋ," ಎಂದರು.

ಅಕ್ಕಿಯಲ್ಲಿ ಸಿಕ್ಕಿದ್ದು

ಪಿಸ್ಟನ್ನನ್ನು ರಾಡಿಗೆ ಸೇರಿಸುವುದು ಒಂದು ಪಿನ್ನು. ಆ ಪಿನ್ನು ಪಕ್ಕಕ್ಕೆ ಸರಿಯದಂತೆ ಎರಡು ತುದಿಗೂ ಒಂದೊಂದು ಪುಟ್ಟ ತಂತಿಯ ಲಾಕು. ಲಾಕು ಇಂಜಿನ್ ಒಳಗೆ ಬೀಳದಿರಲಿ ಎಂದು ನಾನು ಅದರ ಬಾಯಿಗೆ ಬಟ್ಟೆ ತುರುಕಿದ್ದೆ. ಅದು ಒಳಗೆ ಬೀಳಲಿಲ್ಲ. ಗೆಳೆಯನ ಇಕ್ಕಳದಿಂದ ಹಾರಿ, ಗಾಳಿಯಲ್ಲಿ ಮಾಯವಾಯಿತು.

ಹಿತ್ತಲನ್ನು ಚೌಕಗಳಾಗಿ ಭಾಗ ಮಾಡಿದೆ. ಇಬ್ಬರೂ ಮೊಣಕಾಲೂರಿ ಒಂದೊಂದೇ ಚೌಕ ಹುಡುಕಿದೆವು. ಬಟ್ಟೆ ಒಗೆಯುವ ಕಲ್ಲು ಎತ್ತಿ ನೋಡಿದೆವು. ತುಳಸಿ ಕಟ್ಟೆಯ ಮಣ್ಣು ಜರಡಿ ಹಿಡಿದೆವು. ಗೆಳೆಯ ಗೋಡೆಗೆ ಒರಗಿ, "ಮಗಾ, ಮಿಲ್ಲೇ ಗತಿ," ಎಂದ.

ಹೊತ್ತು ಏರಿದ ಮೇಲೆ ಅವ್ವ ಬೀದಿ ಕಡೆಯಿಂದ ಬಂದರು. ಮುಖ ಕೆಂಪಾಗಿತ್ತು.

"ರೇಷನ್ ಅಂಗಡಿಯೋನಿಗೆ ಸರಿಯಾಗಿ ಬೈದು ಬಂದೆ. ಅಕ್ಕೀಲಿ ಕಲ್ಲು ನೋಡಿದೀನಿ, ಹುಳ ನೋಡಿದೀನಿ. ಕಬ್ಬಿಣದ ತಂತಿ ಹಾಕಿ ತೂಕ ಮಾಡೋದು ಇದೇ ಮೊದಲು."

ಸೆರಗಿನ ತುದಿಯ ಗಂಟು ಬಿಚ್ಚಿ ಸಾಕ್ಷಿ ತೋರಿಸಿದರು. ನಮ್ಮ ಲಾಕು. ನಾವು ಕೆಲಸ ಮಾಡುವಾಗ ಅವರು ಮೆಟ್ಟಿಲ ಮೇಲೆ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು.

"ಅವನೇನಂದ ಅವ್ವ?" ಎಂದು ಗೆಳೆಯ ಮೆಲ್ಲಗೆ ಕೇಳಿದ.

"ಏನಂತಾನೆ? ತಪ್ಪಾಯ್ತಮ್ಮ, ಇನ್ಮೇಲೆ ಹಾಕಲ್ಲ ಅಂದ."

ಮೇಲಿನದು

ರಿಂಗು ಬೀಡು ಕಬ್ಬಿಣದ್ದು. ಸ್ವಲ್ಪ ಹೆಚ್ಚು ಅಗಲಿಸಿದರೂ ಮುರಿಯುತ್ತದೆ. ಎರಡು ರಿಂಗನ್ನೂ ಬೆರಳಿನಿಂದ ಅದುಮಿ ಹಿಡಿದು ಮೇಲಿನಿಂದ ಸಿಲಿಂಡರ್ ಇಳಿಸಬೇಕು. ನಾಲ್ಕು ಕೈ ಸಾಲದೆ ಅಪ್ಪಾಜಿಯನ್ನು ಕರೆದೆವು. ಮಿಲ್ಲಿಗೆ ಆಳು ತಪ್ಪಿಸುವ ಕೆಲಸಕ್ಕೆ ತಾವೇ ಕೈ ಜೋಡಿಸುತ್ತಿದ್ದೇವೆಂಬುದು ಅವರಿಗೂ ಗೊತ್ತಿತ್ತು. ಆದರೂ ಬಂದು ಸಿಲಿಂಡರ್ ಹಿಡಿದರು.

ಕೆಳಗಿನ ರಿಂಗಿನ ಸರದಿ ಬರಲೇ ಇಲ್ಲ. ಮೇಲಿನದೇ ಟಿಕ್ ಎಂದು ಮುರಿಯಿತು. ಅಪ್ಪಾಜಿಯ ಬೆರಳೂ ಸಂದಿಗೆ ಸಿಕ್ಕಿತು.

ಅಪ್ಪಾಜಿ ಬೆರಳು ಹಿಡಿದುಕೊಂಡು ತಲೆ ತಗ್ಗಿಸಿ ಮೆಟ್ಟಿಲ ಮೇಲೆ ಕೂತರು. ಗೆಳೆಯ ಗೋಡೆಗೆ ಮುಖ ಮಾಡಿ ನಿಂತ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಗ ಮನೆಯ ಮುಂದಿನ ಭಾಗದಲ್ಲಿ ಬಾಡಿಗೆಗಿದ್ದ ಸರ್ಕಾರಿ ಗುಮಾಸ್ತರೊಬ್ಬರು, ಛತ್ರಿ ಹಿಡಿದು ತಡವಾಗಿ ಆಫೀಸಿಗೆ ಹೊರಟಿದ್ದವರು, ನಮ್ಮನ್ನು ನೋಡಿದರು. ಚಪ್ಪಲಿ ಬಿಟ್ಟು, ಕೈಕಟ್ಟಿ ನನ್ನ ಪಕ್ಕ ಬಂದು ನಿಂತರು.

"ಯಾವಾಗ ಆಯ್ತು?" ಎಂದರು ಪಿಸುದನಿಯಲ್ಲಿ.

"ಈಗ ತಾನೆ."

"ತುಂಬಾ ಒದ್ದಾಡಿದ್ರಾ?"

"ಇಲ್ಲ. ಒಂದೇ ಕ್ಷಣ."

"ಪುಣ್ಯವಂತರು. ಯಾರು, ಊರಿನ ಅಜ್ಜನಾ?"

"ಮೇಲಿನ ರಿಂಗು," ಎಂದೆ.

ಅವರು ಕಟ್ಟಿದ ಕೈ ಬಿಟ್ಟರು. ಆಮೇಲೆ ಚಪ್ಪಲಿ ಹಾಕಿಕೊಂಡರು.

"ಹಾಗಾದ್ರೆ ರಜಾ ಸಿಗಲ್ಲ ಅನ್ನಿ," ಎಂದು ಬೇಸರದಿಂದ ಬಸ್ ಸ್ಟಾಪಿನ ಕಡೆ ಹೊರಟರು.

ಗೆರೆ

ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಿಂದ ಬೇರೆ ರಿಂಗು ತಂದು, ಶನಿವಾರ ಸಂಜೆಗೆ ಇಂಜಿನ್ ಕೂಡಿಸಿದೆವು. ಚೆನ್ನಾಗಿ ಸ್ಟಾರ್ಟ್ ಆಯಿತು. ಆದರೆ ಹೊಸ ಪಿಸ್ಟನ್ ಸಿಲಿಂಡರಿಗೆ ಒಗ್ಗುವವರೆಗೆ ನಿಧಾನವಾಗಿ ಓಡಿಸಬೇಕು, ಬಿಸಿಯಾದಾಗ ನಿಲ್ಲಿಸಿ ತಣಿಯಲು ಬಿಡಬೇಕು. ಇಲ್ಲದಿದ್ದರೆ ಮತ್ತೆ ಕಚ್ಚಿಕೊಳ್ಳುತ್ತದೆ. ಗೆಳೆಯ ಬೀದಿಯ ತುದಿಗೆ ಹೋಗಿ ಬರುವಷ್ಟರಲ್ಲೇ ಸದ್ದು ಏರಿತ್ತು.

"ಏನ್ ಮಾಡ್ಲಿ ಗುರು, ಕೈ ತಾನಾಗೇ ತಿರುಗುತ್ತೆ."

ನಮಗೆ ಗೊತ್ತಿದ್ದವರಲ್ಲಿ ನಿಧಾನವಾಗಿ ಗಾಡಿ ಓಡಿಸುವವರು ಒಬ್ಬರೇ. ಅವರ ಮೊಪೆಡ್ಡನ್ನು ಸೈಕಲ್ಲಿನವರು ಹಿಂದೆ ಹಾಕುತ್ತಿದ್ದರು. ಗೆಳೆಯ ತಲೆ ಕೆರೆದುಕೊಂಡು ಅಪ್ಪಾಜಿಯ ಮುಂದೆ ನಿಂತ.

ಅಪ್ಪಾಜಿ ಒಪ್ಪಿದರು. ರೇಸಿನ ಬಯಲು ಕೆಂಗೇರಿಯಿಂದ ಆಚೆ. ಅಲ್ಲಿಯವರೆಗೂ ತಾವೇ ಓಡಿಸಿಕೊಂಡು ಬರುವುದಾಗಿಯೂ, ನಾವಿಬ್ಬರೂ ಸಾಮಾನು ಹಿಡಿದು ಬಸ್ಸಿನಲ್ಲಿ ಹೋಗಬೇಕೆಂದೂ ಹೇಳಿದರು. ಬೆಳಕು ಹರಿಯುವಾಗಲೇ ಪಂಚೆ ಎತ್ತಿಕಟ್ಟಿ ಹೊರಟರು.

ನಾವು ಹೋಗಿ ಹೆಸರು ಕೊಟ್ಟು ಕಾದೆವು. ಬೇರೆಯವರ ಗಾಡಿಗಳು ಸಾಲಾಗಿ ನಿಂತವು. ಗೆಳೆಯ ಹೆಲ್ಮೆಟ್ ಹಾಕಿಕೊಂಡು, ಗಾಡಿಯಿಲ್ಲದೆ, ತನ್ನ ಜಾಗದಲ್ಲಿ ನಿಂತ. ಬಾವುಟ ಬಿತ್ತು. ಧೂಳಿನಲ್ಲಿ ಅವನೊಬ್ಬನೇ ಉಳಿದ. ರೇಸು ಮುಗಿಯಿತು, ಬಹುಮಾನ ಕೊಟ್ಟರು, ಹಗ್ಗ ಸುತ್ತಲು ಶುರು ಮಾಡಿದರು. ಅವನು ಹೆಲ್ಮೆಟ್ ತೆಗೆದಿರಲಿಲ್ಲ.

ಆಗ ದೂರದ ತಿರುವಿನಲ್ಲಿ ನಮ್ಮ ಇಂಜಿನಿನ ಸದ್ದು ಕೇಳಿತು. ತಲೆಗೆ ಟವೆಲ್ ಸುತ್ತಿದ್ದ ಅಪ್ಪಾಜಿ ದಾರಿ ತಿಳಿಯದೆ ಟ್ರ್ಯಾಕಿನ ಮೇಲೇ ಬರುತ್ತಿದ್ದರು. ಬಾವುಟದವನು ತಮಾಷೆಗೆ ಬಾವುಟ ಬೀಸಿದ. ಅಪ್ಪಾಜಿ ಅವನಿಗೆ ನಮಸ್ಕಾರ ಮಾಡಿ, ಸುಣ್ಣದ ಗೆರೆ ದಾಟಿ, ನಮ್ಮ ಮುಂದೆ ನಿಲ್ಲಿಸಿದರು.

"ಬಿಎಸ್ಸಿ ಹೇಳಿದ ಹಾಗೇ ಮಾಡಿದೀನಿ. ಬಿಸಿ ಆದಾಗೆಲ್ಲ ನಿಲ್ಲಿಸಿದೆ. ನಾಯಂಡಹಳ್ಳೀಲಿ ನಮ್ಮಕ್ಕನ ಮನೇಲಿ ಉಪ್ಪಿಟ್ಟು ಆಯ್ತು. ಆಮೇಲೆ ಕೆಂಗೇರೀಲಿ ನಮ್ಮ ಬೀಗರು ಊಟ ಮಾಡದೆ ಬಿಡಲಿಲ್ಲ. ದಾರೀಲಿ ಪೊಲೀಸಿನೋನು ಒಬ್ಬ ಹಿಡಿದ, ಗಾಡಿಗೆ ದೀಪ ಎಲ್ಲಿ ಅಂತ. ನಾನು ಓಡಿಸೋ ವೇಗ ನೋಡಿ ಅವನೇ ಬಿಟ್ಟುಬಿಟ್ಟ." ಇಂಜಿನಿನ ಮೇಲೆ ಅಂಗೈ ಇಟ್ಟರು. "ನೋಡು, ಬೆಚ್ಚಗೂ ಇಲ್ಲ."

ಆಮೇಲೆ ಅವರಿಗೆ ಬಯಲು ಖಾಲಿಯಾಗಿರುವುದು ಕಂಡಿತು. ಹಿಂದೆ ತಿರುಗಿ ನೆಲ ನೋಡಿದರು.

"ನೀನು ಹೇಳ್ತಿದ್ದ ಗೆರೆ ಇದೇನಾ?"

ಗೆಳೆಯ ಹೆಲ್ಮೆಟ್ಟಿನೊಳಗಿಂದ ತಲೆ ಆಡಿಸಿದ.

"ಇಷ್ಟೇ ತಾನೆ? ಇದಕ್ಕೇನಪ್ಪ ಅಷ್ಟೊಂದು ಪಿಸ್ಟನ್ ಸುಟ್ಟಿದ್ದು?"

ಅವನು ಹೆಲ್ಮೆಟ್ ತೆಗೆದ. ಮಾತಿನ ಪ್ರಕಾರ ಸೋಮವಾರ ಬೆಳಗ್ಗೆ ಮಿಲ್ಲಿನಲ್ಲಿ ಮೋಟಾರಿಗೆ ಬೆಲ್ಟು ಏರಿಸುತ್ತಿದ್ದ. ಮಧ್ಯಾಹ್ನದೊಳಗೆ ಅವನ ಮೀಸೆ ನರೆತಿತ್ತು.