ನಮ್ಮ ಬಚ್ಚಲಿನ ಬಾಯಿ ಮುಚ್ಚಿದವರಿಗೆ

ಚರಂಡಿ ಪೈಪಿಗೆ ಒಳಪದರ ಹಾಕುವ ಕಂಪನಿಯ ಎಂಜಿನಿಯರ್ ಸಾಹೇಬರ ಸನ್ನಿಧಾನಕ್ಕೆ, ಕೋಟೇಶ್ವರದ ನಿವೃತ್ತ ಅಂಗನವಾಡಿ ಕಾರ್ಯಕರ್ತೆ ವನಜ, ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು ಮಾಡುವ ನಮಸ್ಕಾರಗಳು.

ಮಾನ್ಯರೇ,

ರಸ್ತೆ ಅಗೆಯದೆ, ಧೂಳೆಬ್ಬಿಸದೆ, ನಮ್ಮ ಓಣಿಯ ಮುದಿ ಪೈಪಿನೊಳಗೆ ಅಂಟು ಕುಡಿಸಿದ ಬಟ್ಟೆಯ ಉದ್ದನೆಯ ಚೀಲವನ್ನು ತೂರಿಸಿ, ಬಿಸಿನೀರು ತುಂಬಿಸಿ ಗಟ್ಟಿ ಮಾಡಿ, ಹಳೆಯದರ ಹೊಟ್ಟೆಯಲ್ಲೇ ಹೊಸ ಪೈಪು ಹುಟ್ಟಿಸಿದ ತಮ್ಮ ಜಾಣ್ಮೆಯನ್ನು ಎಷ್ಟು ಹೊಗಳಿದರೂ ಸಾಲದು. ಐವತ್ತು ವರ್ಷ ಅದರಿಂದ ಒಂದು ಹನಿಯೂ ಸೋರದು ಎಂದು ತಾವು ಓಣಿಯ ಸಭೆಯಲ್ಲಿ ಹೇಳಿದ್ದಿರಿ. ನಮ್ಮ ಮಟ್ಟಿಗೆ ಅದು ನೂರಕ್ಕೆ ನೂರು ನಿಜ, ಏಕೆಂದರೆ ನಮ್ಮ ಮನೆಯಿಂದ ಅದರೊಳಕ್ಕೆ ಒಂದು ಹನಿಯೂ ಹೋಗುತ್ತಿಲ್ಲ.

ಚೀಲ ಕೂತಾಗ ಪ್ರತಿ ಮನೆಯ ಕೊಳವೆಯ ಬಾಯಿಯೂ ಮುಚ್ಚಿಹೋಗುತ್ತದೆ, ಆಮೇಲೆ ಯಂತ್ರ ಬಿಟ್ಟು ಬಳಕೆಯಲ್ಲಿರುವ ಬಾಯಿಗಳನ್ನಷ್ಟೇ ಕೊರೆದು ತೆರೆಯುತ್ತೇವೆ ಎಂದೂ ತಾವೇ ವಿವರಿಸಿದ್ದಿರಿ. ಯಾವುದು ಬಳಕೆಯಲ್ಲಿದೆಯೆಂದು ತಿಳಿಯಲು ತಮ್ಮ ಸೂಪರ್‌ವೈಸರ್, ಸಾಲಿಗ್ರಾಮದ ಭೋಜರಾಜರು, ಮನೆಮನೆಯ ಬಚ್ಚಲಿಗೆ ಕೆಂಪು ನೀರು ಹೊಯ್ಯಿಸಿ, ಪೈಪಿನೊಳಗಿನ ಕ್ಯಾಮೆರಾದಲ್ಲಿ ನೋಡಿ ಗುರುತು ಹಾಕಿಕೊಂಡರು. ನಮ್ಮ ಮನೆಗೆ ಮಾತ್ರ ಬರಲಿಲ್ಲ. ಅವರ ಕೊರಳಲ್ಲಿ ಅಯ್ಯಪ್ಪನ ಮಾಲೆಯಿತ್ತು. ನಮ್ಮ ಮನೆಯಲ್ಲಿ ಮಗಳು ಮೋಕ್ಷಿತಾ ಹೆತ್ತು ಏಳು ದಿನವಾಗಿತ್ತು. ಹೆರಿಗೆಯ ಸೂತಕ ತಾಗಿದರೆ ವ್ರತ ಕೆಡುತ್ತದೆಂದು ಗೇಟಿನಾಚೆಯಿಂದಲೇ ಕೈಮುಗಿದರು. ಅದಕ್ಕೆ ನನ್ನ ತಕರಾರಿಲ್ಲ, ನಾನೂ ನಂಬುವವಳೇ. ಬಣ್ಣದ ಪೊಟ್ಟಣವನ್ನು ಗೇಟಿನ ಮೇಲಿಟ್ಟು ಹೋಗಿದ್ದರೆ ನಾನೇ ಹೊಯ್ಯುತ್ತಿದ್ದೆ. ಅವರು ಪಟ್ಟಿಯಲ್ಲಿ 'ಬಳಕೆಯಲ್ಲಿಲ್ಲ' ಎಂದು ಬರೆದುಕೊಂಡು ಹೋದರು.

ಹ್ವಾಯ್ ಸಾಹೇಬರೇ, ಊರಿನ ಯಾವ ಬಚ್ಚಲು ಒಣಗಿದರೂ ಬಾಣಂತಿಯಿರುವ ಮನೆಯ ಬಚ್ಚಲು ಒಣಗುವುದುಂಟೇ? ದಿನಕ್ಕೆರಡು ಹಂಡೆ ನೀರು ಬೇಕೆಂಬುದು ಭೋಜರಾಜರನ್ನು ಹೆತ್ತವರಿಗೂ ಗೊತ್ತಿರುತ್ತದೆ. ತಮ್ಮ ಚೀಲ ಗಟ್ಟಿಯಾದ ಮರುದಿನ ಮೀಯಿಸಲು ಬಂದ ಅಕ್ಕು ಎರಡನೆಯ ಹಂಡೆಗೆ ಕೈ ಹಾಕುವಷ್ಟರಲ್ಲಿ ಎಣ್ಣೆ, ಕಡಲೆಹಿಟ್ಟು, ಹೇಳಬಾರದ ಇನ್ನೂ ಕೆಲವು ವಸ್ತುಗಳ ಸಮೇತ ನೀರು ಹೊಸ್ತಿಲು ದಾಟಿತು. ಹನ್ನೆರಡು ದಿನ ನಾವಿಬ್ಬರೂ ಬಾಲ್ದಿಯಲ್ಲಿ ತೋಡಿ ತೋಡಿ ಹಿತ್ತಿಲಿಗೆ ಚೆಲ್ಲಿದೆವು. ಸೂತಕ ಕಳೆದು ಮನೆ ಶುದ್ಧವಾದ ಮೇಲೂ ತಮ್ಮವರ ಸುಳಿವಿಲ್ಲ. ಯಾವಾಗ ಬೇಕಾದರೂ ಫೋನ್ ಮಾಡಿ ಎಂದಿದ್ದಿರಿ ತಾವು. ದೇವರು ವರ ಕೊಟ್ಟರೂ ಪೂಜಾರಿ ಬಿಡ ಎಂಬಂತೆ, ಬಳಕೆಯ ಪಟ್ಟಿಯಲ್ಲಿಲ್ಲದ ಮನೆಯ ದೂರು ಬರೆದುಕೊಳ್ಳಲು ಬರುವುದಿಲ್ಲವೆಂದರು ತಮ್ಮ ಕಚೇರಿಯವರು.

ಕೊನೆಗೊಂದು ದಿನ ಅಕ್ಕು ಬಾಲ್ದಿ ಕುಕ್ಕಿದಳು. "ಈ ಗಲೀಜ್ ನೀರಗೆ ಬಾಣ್ತಿನ್ ಕೂರ್ಸಿ ಮೀಸುಕೆ ನನ್ ಹತ್ರ ಆತಿಲ್ಲೆ" ಎಂದವಳು ಮತ್ತೆ ಬರಲಿಲ್ಲ. ಅಂದೇ ಸಂಜೆ ಮಗಳಿಗೆ ಜ್ವರ ಬಂತು. ಹೆರಿಗೆಯ ಹೊಲಿಗೆ ಕೀವಾಗಿದೆ, ಕೊಳಕು ನೀರು ತಾಗಿದ್ದು ಎಂದರು ಕುಂದಾಪುರದ ಡಾಕ್ಟರು. ನನಗೆ ಹೊಟ್ಟೆ ಉರಿಯುತ್ತಿದೆ, ಸಾಹೇಬರೇ. ಮಗು ಅತ್ತರೆ ಎತ್ತಿಕೊಳ್ಳಲು ಏಳಲಾರಳು ಅವಳು.

ಆದ್ದರಿಂದ ವಿನಂತಿ. ಪೈಪು ಗಟ್ಟಿಯಾಗುವವರೆಗೆ ತಾವು ಗಂಟೆಗೊಮ್ಮೆ ಬಿಸಿನೀರಿನ ಶಾಖ ಅಳೆದು ಪುಸ್ತಕದಲ್ಲಿ ಬರೆದದ್ದನ್ನು ಓಣಿಯವರೆಲ್ಲ ನೋಡಿದ್ದೇವೆ. ಅದೇ ಪುಸ್ತಕದಲ್ಲಿ ನನ್ನ ಮಗಳ ಜ್ವರವನ್ನೂ ಬರೆದುಕೊಳ್ಳಬೇಕು. ತಮ್ಮ ಪಟ್ಟಿಯನ್ನು ನಮ್ಮ ಬಚ್ಚಲಿನ ನೀರಿಗೆ ಓದಿ ಹೇಳಲು ಒಬ್ಬ ಅಧಿಕಾರಿಯನ್ನು ಕಳುಹಿಸಬೇಕು, ನಾವು ಹೇಳಿದರೆ ಅದು ಕೇಳುತ್ತಿಲ್ಲ. ಅಥವಾ ಯಂತ್ರ ಮತ್ತೆ ಇಳಿಸುವ ಪುರುಸೊತ್ತು ತಮಗೆ ಸಿಗುವವರೆಗೆ ಮಗಳ ಬಾಣಂತನವನ್ನು ಮುಂದೂಡುವ ಆದೇಶವನ್ನಾದರೂ ದಯಪಾಲಿಸಬೇಕು.

ಪಟ್ಟಿಯಲ್ಲಿಲ್ಲದಿದ್ದರೂ ಇನ್ನೂ ಇದೇ ಮನೆಯಲ್ಲಿರುವ,
ತಮ್ಮ ವಿಶ್ವಾಸಿ,
ವನಜ

ವಿ.ಸೂ.: ಪತ್ರ ಅಂಚೆಗೆ ಹಾಕುವ ಮೊದಲೇ ಅಳಿಯ ಅಕ್ಷಯ್ ಬೈಂದೂರಿನಿಂದ ಕಾರು ತಂದು ತಾಯಿ ಮಗುವನ್ನು ಕರೆದುಕೊಂಡು ಹೋದರು. ನಲವತ್ತು ದಿನ ತವರಿನಲ್ಲಿ ಮೀಯಬೇಕಾದವಳು ಇಪ್ಪತ್ತನಾಲ್ಕಕ್ಕೇ ಹೋದಳು. ನಾನು ಪಕ್ಕದ ಪದ್ದುವಿನ ಮನೆಯಲ್ಲಿ ಮಿಂದು ಬರುತ್ತೇನೆ. ಭೋಜರಾಜರು ನಮ್ಮ ಬಚ್ಚಲಿನ ಬಗ್ಗೆ ಬರೆದದ್ದು ಇವತ್ತಿನಿಂದ ಅಕ್ಷರಶಃ ಸತ್ಯ. ಪಟ್ಟಿ ತಿದ್ದುವ ತೊಂದರೆ ತೆಗೆದುಕೊಳ್ಳಬೇಡಿ.