ನಮ್ಮ ಅತ್ತೆಯ ವಾಡಿ ಜಂಕ್ಷನ್

ನಮ್ಮ ಅತ್ತೆಗೆ ವಾಡಿ ಜಂಕ್ಷನ್ ಸ್ವಂತದ್ದು! ನಗಬೇಡಿ. ಹಳಿ, ಸಿಗ್ನಲ್ಲು, ಪ್ಲಾಟ್‌ಫಾರ್ಮು, ಚಹಾದ ಬಂಡಿ, ಬಂಡಿಯ ಕೆಳಗೆ ಮಲಗಿದ ನಾಯಿ, ಎಲ್ಲವೂ ಅವರವೇ. ಅದು ಇರುವುದು ಮಾತ್ರ ವಾಡಿಯಲ್ಲಲ್ಲ, ಚಿತ್ತಾಪುರದ ನಮ್ಮ ನಡುಮನೆಯಲ್ಲಿ, ನಾಲ್ಕು ಮೇಜುಗಳ ಮೇಲೆ. ಹಾಗಾದರೆ ಮನೆಗೆ ಬಂದವರು ಎಲ್ಲಿ ಕೂರುತ್ತಾರೆ ಅಂದಿರಾ? ಅಡುಗೆಮನೆಯಲ್ಲಿ! ಮನುಷ್ಯರು ನಡುಮನೆಯಲ್ಲಿ ಕೂತರೆ ರೈಲುಗಳ ಓಡಾಟಕ್ಕೆ ಅಡ್ಡಿಯಾಗುವುದಿಲ್ಲವೇ?

ಅತ್ತೆ ಎಂದರೆ ನನ್ನ ಗಂಡನ ತಾಯಿ. ಶಾಲೆಯಲ್ಲಿ ಡ್ರಾಯಿಂಗ್ ಟೀಚರಾಗಿದ್ದು ನಿವೃತ್ತರಾದವರು. ನಿವೃತ್ತರಾದ ಹೆಂಗಸರು ಭಜನೆಗೆ ಹೋಗುತ್ತಾರೆ, ಹಪ್ಪಳ ಸಂಡಿಗೆ ಮಾಡುತ್ತಾರೆ, ಸೊಸೆಯ ತಪ್ಪು ಹುಡುಕುತ್ತಾರೆ. ನಮ್ಮ ಅತ್ತೆ ಮೊದಲಿನ ಎರಡನ್ನು ಪೂರ್ತಿ ಬಿಟ್ಟುಬಿಟ್ಟರು. ಮೂರನೆಯದನ್ನು ಮಾಡುತ್ತಲೇ ರೈಲು ಕಟ್ಟಲು ಕೂತರು.

ಮೊದಲನೆಯ ಡಬ್ಬಿ ಜೋಳದ ದಂಟಿನದು. ನಮ್ಮ ಕಡೆ ದಂಟು ಸುಲಿದು, ಒಳಗಿನ ಬೆಂಡಿನಿಂದ ಬಂಡಿ ಮಾಡಿ ಆಡದ ಮಕ್ಕಳುಂಟೇ? ಅತ್ತೆ ಅದೇ ಬೆಂಡಿನಿಂದ ರೈಲಿನ ಡಬ್ಬಿ ಮಾಡಿ, ನೀಲಿ ಬಣ್ಣ ಹಚ್ಚಿ, ಫೋಟೋ ತೆಗೆದು ಫೋನಿನ ಒಂದು ಗುಂಪಿಗೆ ಹಾಕಿದರು. ಅದು ಪುಟ್ಟ ರೈಲು ಕಟ್ಟುವ ಹುಚ್ಚರ ಗುಂಪು. ಪುಣೆಯವರಿದ್ದಾರೆ, ಕೊಯಮತ್ತೂರಿನವರಿದ್ದಾರೆ, ಜರ್ಮನಿಯವರೂ ಇದ್ದಾರೆ. ಡಬ್ಬಿಗಳನ್ನು ಅಂಗಡಿಯಿಂದ ತರಿಸುವ ಆ ಜನಕ್ಕೆ, ಹೊಲದಲ್ಲಿ ಡಬ್ಬಿ ಬೆಳೆಯುವ ಹೆಂಗಸನ್ನು ಕಂಡು ತಲೆ ತಿರುಗಿಹೋಯಿತು. ಜರ್ಮನಿಯವರೊಬ್ಬರು, ಈ ಗಿಡದ ಬೀಜ ನಮಗೂ ಸಿಗುತ್ತದೆಯೇ ಎಂದು ಕೇಳಿದರು.

"ಬೀಜದ್ದು ನಾವು ರೊಟ್ಟಿ ಮಾಡಿ ತಿಂತೀವಿ, ಉಳಿದದ್ದು ರೈಲು ಮಾಡ್ತೀವಿ ಅಂತ ಬರಿ," ಎಂದರು ಅತ್ತೆ. ನಾನು ಹಾಗೆಯೇ ಬರೆದೆ. ಜರ್ಮನಿ ಗಪ್‌ಚಿಪ್!

ಅಲ್ಲಿಂದ ನಮ್ಮ ಮನೆ ನಮ್ಮದಾಗಿ ಉಳಿಯಲಿಲ್ಲ. ಕೊಯಮತ್ತೂರಿನ ಹೆಣ್ಣುಮಗಳೊಬ್ಬಳು ವಿಡಿಯೋದಲ್ಲಿ ಕೂತು ಅತ್ತೆಗೆ ತಂತಿ ಬೆಸೆಯುವುದನ್ನು ಕಲಿಸಿದಳು. ನನಗೆ ದೀಪದ ಬತ್ತಿ ಹೊಸೆಯುವುದನ್ನು ಕಲಿಸುವಾಗ ಬೈದಿದ್ದ ಅತ್ತೆ, ಆಕೆಯ ಮುಂದೆ ಒಂದನೇ ಇಯತ್ತೆಯ ಹುಡುಗಿಯಂತೆ ಕೈಕಟ್ಟಿ ಕೂತಿದ್ದರು. ಹಳಿಯ ಕೆಳಗೆ ಹಾಸಲು ಶಹಾಬಾದ ಪಕ್ಕದ ಭಂಕೂರಿನಿಂದ ಕಲ್ಲಿನ ಪುಡಿ ಬಂತು. ಅದನ್ನು ಸೋಸಲು ನನ್ನ ಹಿಟ್ಟಿನ ಜರಡಿ ಹೋಯಿತು.

"ಅತ್ತೀ, ರೊಟ್ಟ್ಯಾಗ ಕಲ್ಲು ಬರ್ಲಿಕತ್ತಾವ್ರಿ!"

"ಬರ್ಲಿ ಬಿಡು. ಶಹಾಬಾದ ಕಲ್ಲು, ಭಾಳ ಛಲೋ ಇರ್ತದ."

ಇಂಥ ರೈಲುಗಳಲ್ಲಿ ಎಲ್ಲವೂ ನಿಜದ ಅಳತೆಯ ಎಂಬತ್ತೇಳರಲ್ಲಿ ಒಂದು ಪಾಲು ಇರಬೇಕಂತೆ. ಇರಲಿ, ಯಾರು ಬೇಡವೆಂದರು? ಆದರೆ ಅತ್ತೆಯ ತಲೆಯೊಳಗೆ ಆ ಅಳತೆ ಹೊಕ್ಕು ಕೂತುಬಿಟ್ಟಿತು. ಚಿಮ್ಮನಚೋಡದ ನೆಂಟರೊಬ್ಬರು ಮಗಳಿಗೆ ಗಂಡು ನೋಡುತ್ತಿದ್ದರು. ಹುಡುಗ ನಮಗೆ ಗುರುತಿನವನು. ಫೋನಿನಲ್ಲಿ ಅವರು, "ವೈನೀ, ಹುಡುಗ ಎತ್ತರ ಹೆಂಗಿದ್ದಾನ್ರಿ?" ಎಂದರೆ, ಅತ್ತೆ ಬೆಸುಗೆಯಿಂದ ತಲೆ ಎತ್ತದೆ, "ಏ, ಭರ್ತಿ ಎರಡು ಸೆಂಟಿಮೀಟರ್ ಇದ್ದಾನ. ಇನ್ನೇನು ಬೇಕು ನಿಮಗ?" ಎಂದರು! ಆ ಕಡೆ ಫೋನು ಇಟ್ಟ ಸದ್ದು ಕೇಳಿಸಿತು. ನಾನು ಮತ್ತೆ ಫೋನು ಮಾಡಿ, ಲೆಕ್ಕ ಬಿಡಿಸಿ ಹೇಳಿ, ಮದುವೆ ಉಳಿಸಬೇಕಾಯಿತು.

ಗುಂಪಿನ ಹಿರಿಯರು ಪುಣೆಯ ಒಬ್ಬ ನಿವೃತ್ತ ಇಂಜಿನಿಯರು. ಅತ್ತೆ ಅವರನ್ನು 'ಪುಣೆ ಕಾಕಾ' ಎನ್ನುತ್ತಾರೆ. ಕಾಕಾ ಎಂದರೆ ಶಿಸ್ತು. ಸಿಗ್ನಲ್ಲಿನ ಕಂಬ ಕೂದಲೆಳೆಯಷ್ಟು ವಾಲಿದರೂ ಗುಂಪಿನಲ್ಲಿ ಹಾಕಿ ಮಾನ ಕಳೆಯುವವರು. ಅವರ ಕಣ್ಣು ಒಮ್ಮೆ ಅತ್ತೆಯ ಮರಗಳ ಮೇಲೆ ಬಿತ್ತು. 'ಟೀಚರ್‌ಜೀ, ಬೇವಿನ ಮರಕ್ಕೆ ಬೂದು ಬಣ್ಣ? ಯಾವ ಲೋಕದಲ್ಲಿ? ಹಸಿರು ಹಚ್ಚಿ.'

ಅತ್ತೆ ಕೆಂಡವಾದರು. "ಹಸಿರು ಹಚ್ಚಬೇಕಂತ! ಹಚ್ಚಿದ್ರ ಅದು ವಾಡಿ ಹೆಂಗಾಗ್ತದ? ಏಳು, ಹೋಗೋಣ ನಡಿ!" ಎಂದು ನನ್ನನ್ನು ಬಸ್ಸು ಹತ್ತಿಸಿಯೇಬಿಟ್ಟರು. ವಾಡಿಯ ರಸ್ತೆ ಬದಿ ಸಿಮೆಂಟು ಕಾರ್ಖಾನೆಯ ಧೂಳು ಕುಡಿದು ನಿಂತ ಒಂದು ಬೇವಿನ ಮರದ ಮುಂದೆ ನಿಂತು, ವಿಡಿಯೋ ಫೋನಿನಲ್ಲಿ ಕಾಕಾರನ್ನು ಕರೆದು, "ನೋಡ್ರಿ, ಕಣ್ಣು ತೆರದು ನೋಡ್ರಿ!" ಎಂದು ಟೊಂಗೆ ಹಿಡಿದು ಜಗ್ಗಿದರು. ಧೂಳು ಸುರಿದು ಅತ್ತೆಯೂ ಕಾಣಲಿಲ್ಲ, ಮರವೂ ಕಾಣಲಿಲ್ಲ. ಬೂದು ಮೋಡದೊಳಗಿಂದ ಸೀನು ಮಾತ್ರ ಕೇಳುತ್ತಿತ್ತು.

ಕಾಕಾ ಸೋತರು. ಸೋತು, ಅಷ್ಟು ಸರಿಯಾದ ಬೂದು ಬಣ್ಣ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ವಿನಯದಿಂದ ಕೇಳಿದರು. ಅಂಗಡಿ ಯಾಕೆ? ಅತ್ತೆ ಸೆರಗಿನ ತುದಿಯಲ್ಲಿ ಧೂಳು ಕಟ್ಟಿಕೊಂಡೇ ಮನೆಗೆ ಬಂದಿದ್ದರು!

ಅಂದಿನಿಂದ ಇಬ್ಬರಿಗೂ ದಿನಾ ಜಗಳ, ದಿನಾ ದೋಸ್ತಿ. ಅತ್ತೆ ಯಾರ ರೈಲು ನೋಡುವ ಮೊದಲೂ 'ಊಟ ಆಯ್ತೇನ್ರಿ?' ಎಂದು ಕೇಳುವುದನ್ನು ಕಂಡು, ಗುಂಪಿನವರೆಲ್ಲ ಅದನ್ನೇ ಕಲಿತರು. ಜರ್ಮನಿಯವರು ಎಂಜಿನ್ನಿನ ಮೋಟಾರು ಸುಟ್ಟುಹೋದ ದುಃಖವನ್ನು ತೋಡಿಕೊಳ್ಳುವಾಗಲೂ ಮೊದಲು ನಮ್ಮ ಊಟ ವಿಚಾರಿಸುತ್ತಿದ್ದರು.

ಹೋದ ವರ್ಷ ಒಂದು ಬೆಳಿಗ್ಗೆ ಅತ್ತೆಯ ಕೈಯಿಂದ ಚಹಾದ ಬಟ್ಟಲು ಜಾರಿತು. ಏನಾಯಿತೆಂದು ಕೇಳಿದರೆ ಬಾಯಿಂದ ಬಂದದ್ದು ಮಾತಲ್ಲ. ಕಲಬುರಗಿಯ ಆಸ್ಪತ್ರೆಗೆ ಓಡಿದೆವು. ಲಕ್ವಾ ಸಣ್ಣದು, ಕೈಕಾಲು ಉಳಿದವು. ಮಾತು ಮಾತ್ರ ತೊದಲತೊಡಗಿತು.

"ಮಾತಾಡಸ್ರಿ, ಬಿಡಬ್ಯಾಡ್ರಿ," ಎಂದರು ಡಾಕ್ಟರು. "ಸುಮ್ನ ಕುಂತಷ್ಟು ಮಾತು ದೂರ ಹೋಗ್ತದ. ಈಗ ಬಿಟ್ರ ಮತ್ತ ಬರೋದು ಕಷ್ಟ."

ಆದರೆ ವರ್ಷಗಟ್ಟಲೆ ಮಕ್ಕಳ ಮುಂದೆ ಗಂಟೆ ಹೊಡೆದಂತೆ ಮಾತಾಡಿದ ಹೆಂಗಸು! ತನ್ನ ತೊದಲು ತನಗೇ ಕೇಳಿದ ದಿನ ಬಾಯಿ ಮುಚ್ಚಿದವರು ಮತ್ತೆ ತೆರೆಯಲಿಲ್ಲ. ನನ್ನ ಗಂಡ ಗೋಗರೆದರು. ನಾನು ಬೇಕೆಂದೇ ಸಾರಿಗೆ ಉಪ್ಪು ಹೆಚ್ಚು ಹಾಕಿ ನೋಡಿದೆ. ಅತ್ತೆ ತುಟಿ ಬಿಚ್ಚದೆ ಉಂಡು ಎದ್ದರು. ನನ್ನ ಸಾರನ್ನು ಬೈಯದ ಅತ್ತೆ! ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ವಾಡಿ ಜಂಕ್ಷನ್ನಿನ ಮೇಲೆ ನಿಜವಾದ ಧೂಳು ಕೂತಿತು.

ಟೀಚರ್‌ಜೀ ಎಲ್ಲಿ, ಎಲ್ಲಿ ಎಂದು ಗುಂಪಿನವರು ಕೇಳುತ್ತಲೇ ಇದ್ದರು. ಒಂದು ದಿನ ತಡೆಯಲಾರದೆ ಇದ್ದದ್ದನ್ನು ಇದ್ದಂತೆ ಬರೆದೆ. ಡಾಕ್ಟರು ಹೇಳಿದ ಮಾತನ್ನೂ ಬರೆದೆ.

ಕೆಲವು ದಿನ ಕಳೆದು ಕಾಕಾರ ವಿಡಿಯೋ ಬಂತು, ಟೀಚರ್‌ಜೀಗೆ ತೋರಿಸಿ ಎಂಬ ಸಾಲಿನೊಂದಿಗೆ. ತೋರಿಸಿದೆ. ಮಾಲುಗಾಡಿ ಓಡುತ್ತಿತ್ತು. ಅತ್ತೆ ಸುಮ್ಮನೆ ನೋಡಿದರು. ಮತ್ತೆ ನೋಡಿದರು. ಹುಬ್ಬು ಗಂಟಾಯಿತು. ಎಲ್ಲಕ್ಕಿಂತ ಹಿಂದೆ ಇರಬೇಕಾದ ಗಾರ್ಡಿನ ಡಬ್ಬಿ ಎಂಜಿನ್ನಿನ ಬೆನ್ನಿಗೇ ಇತ್ತು! ಅತ್ತೆಯ ಗಂಟಲಿನ ನರ ಉಬ್ಬಿತು, ಬೆರಳು ಪರದೆಯನ್ನು ಕುಟ್ಟಿತು, ಮತ್ತು ಅಷ್ಟು ದಿನ ಮುಚ್ಚಿದ್ದ ಬಾಯಿ ತೆರೆಯಿತು.

"ತ... ತಪ್ಪ!"

ನಾನು ಆ ಒಂದು ಮಾತನ್ನು ಧ್ವನಿಯಾಗಿ ಕಳಿಸಿದೆ. ಕಾಕಾ ಸೊಕ್ಕಿನಿಂದ ಉತ್ತರಿಸಿದರು: 'ಎಲ್ಲಿ ತಪ್ಪು? ಬಿಡಿಸಿ ಹೇಳಲಿ. ಬರೆದು ಕಳಿಸಬೇಡಿ, ನನ್ನ ಕನ್ನಡಕ ಒಡೆದಿದೆ.' ಅತ್ತೆಗೆ ಸಿಟ್ಟು ನೆತ್ತಿಗೇರಿತು. "ಗಾ... ಗಾರ್ಡ... ಹಿಂದ..." ಎಂದರು. ಎರಡು ಮಾತು! ಮರುದಿನ ಜರ್ಮನಿಯವರ ವಿಡಿಯೋ: ಸಿಗ್ನಲ್ಲು ಕೆಂಪಿದ್ದರೂ ಗಾಡಿ ನುಗ್ಗುತ್ತಿದೆ. ಆಮೇಲೆ ಕೊಯಮತ್ತೂರಿನವಳದು: ಮೇಲಿನ ತಂತಿಗೆ ಮುಟ್ಟದೆಯೇ ಕರೆಂಟಿನ ಎಂಜಿನ್ನು ಓಡುತ್ತಿದೆ. ದಿನಕ್ಕೊಂದು ತಪ್ಪು, ದಿನಕ್ಕಷ್ಟು ಮಾತು. ಗುಂಪಿನವರಿಗೆ ಎಷ್ಟು ದಡ್ಡತನ ಬಂತೆಂದರೆ, ಅತ್ತೆ ಅವರನ್ನು ಬೈಯಲು ಪೂರ್ತಿ ವಾಕ್ಯಗಳನ್ನೇ ಜೋಡಿಸತೊಡಗಿದರು.

ಅತ್ತೆಯ ರಕ್ತದೊತ್ತಡ ಏರೀತೆಂದು ನನಗೇ ಹೆದರಿಕೆಯಾಗಿ, ಕಾಕಾಗೆ ಫೋನು ಮಾಡಿ, ಸ್ವಲ್ಪ ನೋಡಿಕೊಂಡು ಜೋಡಿಸಿ ಎಂದೆ. ಅವರು ತಮ್ಮ ಹಿಂದಿಯಲ್ಲಿ ಹೇಳಿದರು: "ಬೇಟಾ, ಗಾರ್ಡಿನ ಡಬ್ಬಿಯನ್ನು ಮುಂದೆ ಇಡಲು ನನ್ನ ಕೈಯೇ ಒಪ್ಪಲಿಲ್ಲ. ಹೆಂಡತಿಗೆ ಹೇಳಿ ಇಡಿಸಿದೆ. ಟೀಚರ್‌ಜೀಗೆ ಮಾತ್ರ ಹೇಳಬೇಡ."

ಎದುರಿಗೆ ಒಮ್ಮೆಯೂ ಭೇಟಿಯಾಗದ ಜನ, ತಪ್ಪನ್ನು ಕಂಡರಾಗದ ಜನ, ನಮ್ಮ ಅತ್ತೆಯ ಒಂದು ಮಾತಿಗಾಗಿ ಎಲ್ಲರ ಮುಂದೆ ದಡ್ಡರಾಗಿ ನಿಂತಿದ್ದರು! ಈ ಫೋನನ್ನು ನಾನು ಬೈದದ್ದಕ್ಕೆ ಲೆಕ್ಕವಿಲ್ಲ. ಅವತ್ತು ಅದನ್ನು ದೇವರ ಮುಂದಿಟ್ಟು ಕೈ ಮುಗಿದೆ.

ಗುಟ್ಟನ್ನು ನಾನು ಬಿಡಲಿಲ್ಲ. ಮೊನ್ನೆ ಅತ್ತೆ ಕಾಕಾರ ಇನ್ನೊಂದು ತಪ್ಪನ್ನು ಪಟಪಟನೆ ಝಾಡಿಸಿ ಫೋನು ಕೆಳಗಿಟ್ಟರು. ನಾನು ಮೆಲ್ಲಗೆ, "ಪಾಪ, ಕಾಕಾಗ ಭಾಳ ಮರವು ಬಂದದ ಕಾಣ್ತದ್ರಿ," ಎಂದೆ.

ಅತ್ತೆ ನನ್ನನ್ನೇ ನೋಡಿದರು. ಕಣ್ಣು ತುಂಬಿತ್ತು.

"ಹುಚ್ಚಿ, ಕಾಕಾಗ ತಪ್ಪು ಮಾಡ್ಲಿಕ್ಕಿ ಬರಂಗಿಲ್ಲ ಅಂತ ನನಗ ಮೊದಲ ದಿನಾನೇ ಗೊತ್ತಾಗ್ಯದ," ಎಂದರು, ಒಂದೊಂದೇ ಮಾತನ್ನು ಆರಿಸುತ್ತ. "ಎಲ್ಲಾರೂ ನನ್ನ ಸಲುವಾಗಿ ಅಷ್ಟು ತ್ರಾಸ ತಗೊಂಡು ತಪ್ಪು ಮಾಡ್ಯಾರ. ನಾ ಬಾಯಿ ಮುಚ್ಚಿ ಕುಂದ್ರಲಿಕ್ಕಿ ಆಗ್ತದೇನು?"