ಮೂವತ್ತೊಂದನೇ ಪುಟದ ಗುರುತು

ಲೈಬ್ರರಿಯ ಗೋಡೆಗೆ 'ನಿಶ್ಶಬ್ದ' ಅಂತ ಬೋರ್ಡ್ ಹೊಡೆಸಿದ ಪುಣ್ಯಾತ್ಮರು ಒಂದು ದಿನವೂ ನನ್ನ ಕುರ್ಚಿಯಲ್ಲಿ ಕೂತವರಲ್ಲ. ಸಾಗರದ ಈ ಪುಟ್ಟ ಸಂಘದ ಲೈಬ್ರರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಪುಸ್ತಕ ಕೊಡುತ್ತಿದ್ದೇನೆ. ಫಜೀತಿ ಇಲ್ಲದ ವಾರ ಅಂದರೆ ಬಾಗಿಲು ಹಾಕಿದ ವಾರ ಅಂತಲೇ ಅರ್ಥ. ಕಂಪ್ಯೂಟರ್ ಬಂದ ಮೇಲಂತೂ ಕೇಳಲೇಬೇಡಿ.

ಅಧ್ಯಕ್ಷರ ಪಟ್ಟಿ

ನಮ್ಮ ಸಂಘದ ಅಧ್ಯಕ್ಷರು ತೀರ್ಥಹಳ್ಳಿಯಲ್ಲಿ ಒಂದು ದಿನದ ಶಿಬಿರಕ್ಕೆ ಹೋಗಿ, ಊಟ ಚೆನ್ನಾಗಿತ್ತು ಅನ್ನುವ ವರದಿಯ ಜೊತೆ ಒಂದು ಹಾಳೆ ತಂದರು. ಮುಂದೆ ಯಾವ ಪುಸ್ತಕ ಓದಬೇಕು ಅಂತ ಹೇಳಿಕೊಡುವ ಎಂಟು ವೆಬ್‌ಸೈಟುಗಳ ಪಟ್ಟಿ. ಒಂದು, ನಿಮಗೆ ಹಿಡಿಸಿದ ಪುಸ್ತಕದಂಥದ್ದೇ ಇನ್ನೊಂದು ತೋರಿಸುತ್ತದೆ. ಒಂದರಲ್ಲಿ ಓದಿದವರು ಸ್ಟಾರ್ ಕೊಡುತ್ತಾರೆ. ಇನ್ನೊಂದು, ಯಾವ ಪುಸ್ತಕ ಯಾವ ಲೈಬ್ರರಿಯಲ್ಲಿದೆ ಅಂತ ಹೇಳುತ್ತದೆ. ಪಟ್ಟಿಯ ಹಿಂದೆಯೇ ಕಂಪ್ಯೂಟರೂ ಬಂತು.

"ಇನ್ಮೇಲೆ ಯಾರೂ ನಿಮ್ಮನ್ನ ಕೇಳೋದೇ ಬೇಡ ಮೇಡಂ. ಆರು ತಿಂಗಳು ನೋಡ್ತೀವಿ. ಕಂಪ್ಯೂಟರೇ ಸಾಕು ಅನ್ಸಿದ್ರೆ, ಬಾಗಿಲು ತೆಗೆದು ಹಾಕೋಕೆ ವಾಚ್‌ಮನ್ ಇದ್ದಾನಲ್ಲ" ಅಂದರು.

ಅಂದರೆ ನಾನು ಮನೆಗೆ ಹೋಗಬಹುದು ಅಂತ. ಆದರೂ ನಗುನಗುತ್ತಲೇ, "ಅಧ್ಯಕ್ಷರೇ, ನೀವು ಕೊನೆಗೆ ಓದಿದ್ದು ಯಾವುದು?" ಅಂತ ಕೇಳಿದೆ.

ಅವರು ಕೈಯಲ್ಲಿದ್ದ ಹಾಳೆ ತೋರಿಸಿದರು. "ಇದೇ."

ಇವತ್ತು ಮನಸ್ಸು ಹೇಗಿದೆ?

ಆ ಎಂಟರಲ್ಲಿ ಒಂದು ಬಹಳ ನಯದ್ದು. ಪುಸ್ತಕ ಹೇಳುವ ಮೊದಲು, 'ಇವತ್ತು ನಿಮ್ಮ ಮನಸ್ಸು ಹೇಗಿದೆ?' ಅಂತ ಕೇಳುತ್ತದೆ. ಮೊದಲ ಗಿರಾಕಿ, ಹಳ್ಳಿಯಿಂದ ಬುಧವಾರ ಬುಧವಾರ ಬರುವ ಒಬ್ಬ ಹೆಗಡೆರ ಮನೆ ಅಮ್ಮ. ಪ್ರಶ್ನೆಯನ್ನು ಜೋರಾಗಿ ಓದಿ ಹೇಳಿದೆ.

ಆಕೆ ಕೈಯಲ್ಲಿದ್ದ ಚೀಲ ಕೆಳಗಿಟ್ಟರು. "ಎಂತದೇ ಇದು! ಮದುವೆ ಆಗಿ ಮೂವತ್ತು ವರ್ಷ ಆತು, ಹಿಂಗೆ ಒಬ್ರೂ ಕೇಳಿದ್ದಿಲ್ಲೆ!"

"ಖುಷಿ, ಬೇಸರ, ಸಿಟ್ಟು... ಯಾವುದು ಒತ್ಲಿ ಅಮ್ಮಾ? ಒತ್ತಿದ್ರೆ ಪುಸ್ತಕದ ಹೆಸರು ಬರುತ್ತೆ."

"ಪುಸ್ತಕ ಇರ್ಲಿ. ಇನ್ನೊಂದ್ಸಲ ಕೇಳ್ಸು."

ಈಗಲೂ ಬುಧವಾರ ತಪ್ಪದೆ ಬರುತ್ತಾರೆ. ಕೇಳಿಸಿಕೊಂಡು, ಖಾಲಿ ಚೀಲ ಹಿಡಿದುಕೊಂಡು ಹೋಗುತ್ತಾರೆ.

ಎರಡು ಲಾಂಚಿನ ಕಾದಂಬರಿ

ಹಿನ್ನೀರಿನಾಚೆಯ ಬ್ಯಾಕೋಡಿನ ಮೇಷ್ಟ್ರೊಬ್ಬರು ನಮ್ಮ ಹಳೇ ಸದಸ್ಯರು. ಹಿನ್ನೀರು ದಾಟಲು ಲಾಂಚಿಗೆ ಕಾಯಬೇಕಿದ್ದ ಕಾಲದಲ್ಲಿ ಅವರು ಪುಸ್ತಕವನ್ನು ಪುಟದ ಲೆಕ್ಕದಲ್ಲಿ ಕೇಳಿದ್ದೇ ಇಲ್ಲ. "ಎರಡು ಲಾಂಚಿಗೆ ಕಾಯೋ ಹೊತ್ತಿಗೆ ಆಗೋಷ್ಟು ಕೊಡಿ" ಅನ್ನುತ್ತಿದ್ದರು. ಸಿಗಂದೂರಿನ ದೇವಸ್ಥಾನಕ್ಕೆ ಜನ ನುಗ್ಗುವ ರಜೆಯಲ್ಲಿ ಕ್ಯೂ ನೋಡಿಯೇ ದಪ್ಪ ಕಾದಂಬರಿ ಒಯ್ಯುತ್ತಿದ್ದರು.

ಈಗ ಸೇತುವೆ ಆಯ್ತು. ಊರೆಲ್ಲ ಸಿಹಿ ಹಂಚಿದರೆ, ಇವರು ಬಂದು ಮುಖ ಸಣ್ಣದು ಮಾಡಿಕೊಂಡು ಕೂತರು. "ನನ್ನ ಓದೇ ಹಾಳಾಯ್ತು ಮಾರಾಯ್ರೆ. ಬಸ್ಸು ಆಚೆ ದಡಕ್ಕೆ ಹೋಗೋದ್ರೊಳಗೆ ಕನ್ನಡಕ ಒರೆಸಿ ಮುಗಿಯಲ್ಲ."

ಪಟ್ಟಿಯಲ್ಲಿ ಅದಕ್ಕೂ ಒಂದು ವೆಬ್‌ಸೈಟು ಇತ್ತು. ನಮಗಿರುವ ಸಮಯ ಹಾಕಿದರೆ ಅಷ್ಟರಲ್ಲಿ ಮುಗಿಯುವ ಪುಸ್ತಕ ಹುಡುಕಿಕೊಡುತ್ತದೆ. ಮೇಷ್ಟ್ರು ಹೇಳಿದಂತೆ 'ಎರಡು ನಿಮಿಷ' ಅಂತ ಹಾಕಿದೆ. ಪಾಪ, ಅದು ಸುತ್ತಿ ಸುತ್ತಿ ಏನೂ ಸಿಗಲಿಲ್ಲ ಅಂತು. ಕೊನೆಗೆ ನಾನೇ, ಎರಡು ನಿಮಿಷದಲ್ಲಿ ಮುಗಿಯುವಂಥದ್ದು ಅಂತ ಅಧ್ಯಕ್ಷರ ಪಟ್ಟಿಯನ್ನೇ ಜೆರಾಕ್ಸ್ ಮಾಡಿಸಿ ಕೊಟ್ಟು ಕಳಿಸಿದೆ.

ರಬ್ಬರಿನ ಕೆಲಸ

ನಮ್ಮ ಲೈಬ್ರರಿಯಲ್ಲಿ ನಾನು ಬರುವ ಮೊದಲಿನಿಂದಲೂ ಒಂದು ಪದ್ಧತಿ ಇದೆ. ಪುಸ್ತಕ ಓದಿ ಮುಗಿಸಿದವರು ಮೂವತ್ತೊಂದನೇ ಪುಟದ ಮೂಲೆಯಲ್ಲಿ ಪೆನ್ಸಿಲಿನಿಂದ ತಮ್ಮ ಗುರುತು ಹಾಕಬೇಕು. ಮುಂದೆಂದಾದರೂ ಅದೇ ಪುಸ್ತಕ ಕೈಗೆ ಬಂದರೆ, 'ಓಹೋ, ಇದು ಆಗಿದೆ' ಅಂತ ವಾಪಸ್ ಇಡಬಹುದು. ಮೇಷ್ಟ್ರದ್ದು ದೋಣಿ. ಹೆಗಡೆರ ಮನೆ ಅಮ್ಮನದ್ದು ವೀಳ್ಯದೆಲೆ. ಎಲ್ಲರಿಗಿಂತ ಹಿರಿಯ ಸದಸ್ಯೆ, ರಿಟೈರಾದ ಪೋಸ್ಟ್ ಮಾಸ್ಟರಮ್ಮನದ್ದು ಅಂಚೆ ಮುದ್ರೆಯಂಥ ದುಂಡು ಗುರುತು. ಅದರ ಕೆಳಗೆ ಒಂದೆರಡು ಮಾತಿನ ತೀರ್ಪೂ ಇರುತ್ತಿತ್ತು.

ಆರು ತಿಂಗಳಾಗುತ್ತಾ ಬಂತು. ನನ್ನ ವಿಷಯ ತೀರ್ಮಾನಿಸಲು ಸಂಘದ ಕಮಿಟಿ ಸೇರುವ ಮೊದಲು ಅಧ್ಯಕ್ಷರು ಪುಸ್ತಕ ತಿರುವಿ ನೋಡಿ ಹೌಹಾರಿದರು. "ಛೆ ಛೆ, ಏನಿದು ಗೀಚಾಟ! ಎಲ್ಲ ಅಳಿಸಿ. ಅಭಿಪ್ರಾಯ ಇದ್ರೆ ವೆಬ್‌ಸೈಟಲ್ಲಿ ಸ್ಟಾರ್ ಕೊಡ್ಲಿ."

ಮೂರು ಭಾನುವಾರ ಕೂತು ಉಜ್ಜಿದೆ. ಕೊನೆಯ ಕಪಾಟಿಗೆ ಬರುವಷ್ಟರಲ್ಲಿ ರಬ್ಬರೂ ಮುಗಿಯಿತು, ನಾನೂ ಮುಗಿದೆ. ಅದನ್ನು ಹಾಗೇ ಬಿಟ್ಟೆ.

ಪರೀಕ್ಷೆ

ಕಮಿಟಿಯ ಎದುರು ಅಧ್ಯಕ್ಷರು ಪಂದ್ಯ ಇಟ್ಟರು. ಕಂಪ್ಯೂಟರ್ ಒಂದು ಪುಸ್ತಕ ಆರಿಸಬೇಕು, ನಾನೊಂದು. ತೀರ್ಪು ಪೋಸ್ಟ್ ಮಾಸ್ಟರಮ್ಮನದ್ದು. ಸೋತರೆ ನನ್ನ ಕುರ್ಚಿ ಹೋಯ್ತು.

ಆಕೆ ಬರುತ್ತಲೇ ಗುಡುಗಿದರು. "ಏ ಹುಡುಗಿ, ನನ್ನ ಗುರುತೆಲ್ಲ ಅಳಿಸಿದ್ಯಂತೆ? ಓದಿದ ಪುಸ್ತಕ ಕೊಟ್ಯೋ, ಕಾರ್ಡು ಮುಖಕ್ಕೆ ಎಸೀತೀನಿ!" ಐವತ್ತು ದಾಟಿದ ನನ್ನನ್ನು ಹುಡುಗಿ ಅನ್ನುವವರು ಅವರೊಬ್ಬರೇ.

ಕಂಪ್ಯೂಟರ್ ಆರಿಸಿದ್ದು ನಮ್ಮಲ್ಲಿ ಇರಲೇ ಇಲ್ಲ. "ಹೊಸನಗರದ ಲೈಬ್ರರಿಯಲ್ಲಿ ಇದೆಯಂತೆ" ಅಂದರು ಅಧ್ಯಕ್ಷರು.

"ಬಸ್ಸಿದೆ. ಹೋಗಿ ತನ್ನಿ" ಅಂದರು ಪೋಸ್ಟ್ ಮಾಸ್ಟರಮ್ಮ. ಅಧ್ಯಕ್ಷರು ಪಾಪ, ಹೋಗಿ ತಂದರು.

ನಾನು ಗಾಬರಿಯಲ್ಲಿ ಕೈಗೆ ಸಿಕ್ಕ ಕಾದಂಬರಿ ಎಳೆದು ಕೊಟ್ಟೆ. ಕೊಟ್ಟು ಮನೆಗೆ ಹೋದ ಮೇಲೆ ನೆನಪಾಯ್ತು, ಅದು ನಾನು ಉಜ್ಜದೆ ಬಿಟ್ಟ ಕೊನೆಯ ಕಪಾಟಿನದು. ಅದರಲ್ಲಿ ಅವರ ಗುರುತು ಇದ್ದುಬಿಟ್ಟರೆ? ಆ ವಾರ ನನಗೆ ಅನ್ನ ಸೇರಲಿಲ್ಲ.

ಮುಂದಿನ ಭಾನುವಾರ ಕಮಿಟಿ ಕೂತಿತು. ಪೋಸ್ಟ್ ಮಾಸ್ಟರಮ್ಮ ನನ್ನ ಪುಸ್ತಕ ಎತ್ತಿ ಹಿಡಿದು, "ಇದು ಪುಸ್ತಕ ಅಂದ್ರೆ! ಆ ಯಂತ್ರಕ್ಕೆ ಇನ್ನೂ ನೂರು ವರ್ಷ ಆದ್ರೂ ಇಂಥದ್ದು ಹೊಳೆಯಲ್ಲ" ಅಂದರು. ಅಧ್ಯಕ್ಷರ ಮುಖ ಹುಳ್ಳಗಾಯ್ತು. ನನ್ನ ಕುರ್ಚಿ ಉಳಿಯಿತು.

ಎಲ್ಲರೂ ಚಹಾಕ್ಕೆ ಎದ್ದ ಮೇಲೆ ಮೆಲ್ಲಗೆ ಮೂವತ್ತೊಂದನೇ ಪುಟ ತೆರೆದೆ. ದುಂಡು ಗುರುತು. ಕೆಳಗೆ ಅವರದೇ ಅಕ್ಷರ: 'ಮಹಾ ಬೋರು. ಜನ್ಮದಲ್ಲಿ ಮತ್ತೆ ಮುಟ್ಟಬಾರದು.'

ತಲೆ ಎತ್ತಿದರೆ ಅವರು ಎದುರಿಗೇ ನಿಂತಿದ್ದರು. ನನ್ನ ಕಣ್ಣಲ್ಲಿ ನೀರು. "ಅಮ್ಮಾ, ಗೊತ್ತಿದ್ದೂ..."

"ಮತ್ತೆ? ನಿನ್ನನ್ನ ಕಳಿಸಿದ್ರೆ ನಾನು ಯಾರ ಹತ್ರ ಜಗಳ ಆಡ್ಲಿ, ಆ ಡಬ್ಬಿ ಹತ್ರಾನಾ?" ಅಂದವರು, ಮೇಜಿನ ಮೇಲಿನ ಪೆನ್ಸಿಲ್ ಎತ್ತಿಕೊಂಡು ಅದೇ ಪುಟದಲ್ಲಿ ಇನ್ನೊಂದು ದುಂಡು ಗುರುತು ಹಾಕಿ, ಕೆಳಗೆ ಬರೆದರು:

'ಎರಡನೇ ಸಲವೂ ಬೋರೇ.'